ಜಾಲಿ ಕಡಿಯುವವಳಿಗೆ ಅಣ್ಣ ಬರೆಯದೇ ಬಿಟ್ಟದ್ದು

ದೇವದುರ್ಗ
12 ಮೇ 2025

ಅಣ್ಣಾ,

ನಮಸ್ಕಾರ. ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ನಿನಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆದಿದೆ. ಹತ್ತು ಸಲ ಮಾಡಿದರೆ ಒಂದು ಸಲ ಎತ್ತುತ್ತೀ, ಎತ್ತಿದರೂ "ಹೂಂ, ಆಯ್ತು" ಎಂದು ಇಟ್ಟುಬಿಡುತ್ತೀ. ಬೇರೆಯವರ ಹಾಗೆ ದೊಡ್ಡ ಫೋನ್ ತೆಗೆದುಕೊಂಡಿದ್ದರೆ ಮೆಸೇಜಾದರೂ ಹಾಕಬಹುದಿತ್ತು, ನಿನ್ನದು ಇನ್ನೂ ಆ ಗುಂಡಿ ಫೋನು. ಇದನ್ನು ತರುವವರು ಗುಲ್ಫಶಾ ಮೇಡಂ. ಇಲ್ಲಿಯ ಬ್ಯಾಂಕಿನಲ್ಲಿ ಕೆಲಸ, ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ನಿಮ್ಮ ಅಂಗಡಿ ಅವರ ದಾರಿಯಲ್ಲೇ ಸಿಗುತ್ತದಂತೆ.

ಈಗ ಕೆಲಸದ ಮಾತು. ಮಾನ್ವಿ ಕಡೆ ಮಹಾಂತಮ್ಮನವರ ಹೊಲ ನಾಲ್ಕು ಎಕರೆ, ಅಣ್ಣ ತಮ್ಮಂದಿರ ವ್ಯಾಜ್ಯದಲ್ಲಿ ಹತ್ತು ವರ್ಷ ಬೀಳುಬಿದ್ದು ಬಳ್ಳಾರಿ ಜಾಲಿ ಕಾಡಾಗಿದೆ. ವ್ಯಾಜ್ಯ ಮುಗಿಯಿತು. ಕಾಲುವೆಗೆ ನೀರು ಬಿಡುವುದರೊಳಗೆ ಹೊಲ ಬಯಲು ಮಾಡಿಕೊಟ್ಟರೆ ಕಟ್ಟಿಗೆಯೆಲ್ಲ ನಮ್ಮದು. ಅವರು ಭತ್ತ ನಾಟಿ ಮಾಡುತ್ತಾರೆ, ನಾವು ಕಟ್ಟಿಗೆಯನ್ನು ಖಾನಾವಳಿಗಳಿಗೂ ಮದುವೆ ಅಡುಗೆಯವರಿಗೂ ಹಾಕುತ್ತೇವೆ. ನಾನು, ನಮ್ಮ ಓಣಿಯ ಗೆಳತಿ ಗೋಪಮ್ಮ ಇಬ್ಬರೂ ಕೊಡಲಿ ಹಿಡಿದು ಲೆಕ್ಕ ಹಾಕಿದೆವು. ಹೀಗೇ ಕಡಿದರೆ ದೀಪಾವಳಿ ಬರುತ್ತದೆ. ಅದಕ್ಕೇ ಚೈನಿನಿಂದ ಮರ ಕೊಯ್ಯುವ ಕಟರ್ ಮಷೀನು ಬೇಕು.

ನೀನು ಎಂಟು ವರ್ಷ ನೀಲಗಿರಿ ತೋಪುಗಳಲ್ಲಿ ಆ ಮಷೀನು ಹಿಡಿದವನು, ಈಗ ಜಂಬಣ್ಣ ಸಾಹುಕಾರರ ಅಂಗಡಿಯಲ್ಲಿ ಅದನ್ನೇ ರಿಪೇರಿ ಮಾಡುವವನು. ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ? ಹಿಡಿಯುವವಳು ನಾನೇ. ನಮ್ಮ ಮನೆಯವರಿಗೆ ಟ್ರ್ಯಾಕ್ಟರ್ ಕೆಲಸವೇ ಮುಗಿಯುವುದಿಲ್ಲ. "ಹೆಣ್ಮಗಳು ಮಷಿನ್ ಹಿಡಿತಾಳಂತ, ನೋಡಾಕ ಹೋಗೋಣ ಬರ್ರಿ" ಎಂದು ಓಣಿಯಲ್ಲಿ ಈಗಲೇ ಆಡಿಕೊಳ್ಳುತ್ತಿದ್ದಾರೆ.

ಮೂರು ವರ್ಷದ ಹಿಂದಿನ ಮಾತು ನಾನು ಎತ್ತುವುದಿಲ್ಲ. ಎತ್ತುವುದಿಲ್ಲ ಎಂದು ಬರೆದರೇ ಎತ್ತಿದ ಹಾಗಾಯಿತು ಎನ್ನುತ್ತೀಯೇನೋ. ಅನ್ನು, ಹಾಗಾದರೂ ಒಂದು ಮಾತಾಡಿದಂತಾಗುತ್ತದೆ.

ಹುಲಗೆಮ್ಮ


ರಾಯಚೂರು
16 ಮೇ 2025

ಹುಲಗೀ,

ಕಾಗದ ಮುಟ್ಟಿತು. ಮುಂದೆಯೂ ಕಾಗದವನ್ನೇ ಬರೆ. ಅಳತೆಯ ಮಾತು ಫೋನಿನಲ್ಲಿ ತಪ್ಪುತ್ತದೆ, ಕಾಗದವಾದರೆ ಎರಡು ಸಲ ಓದಿಕೊಳ್ಳಬಹುದು.

ಬಾರು ಎಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ, ಇಪ್ಪತ್ತೆರಡು ಇಂಚಿನ ಬಾರಿನ ಮಷೀನು ಬೇಡ. ಅಂಗಡಿಗೆ ಬಂದವರೆಲ್ಲ ದೊಡ್ಡದನ್ನೇ ತೋರಿಸಿ ಎನ್ನುತ್ತಾರೆ. ಹೆಗಲ ಮೇಲಿಟ್ಟು ಫೋಟೋ ತೆಗೆಸಿಕೊಳ್ಳಲು ಅದು ಚೆಂದ. ಜಾಲಿ ಬುಡದಿಂದಲೇ ನಾಲ್ಕಾರು ಕವಲೊಡೆಯುವ ಗಿಡ, ಹತ್ತು ವರ್ಷದ್ದಾದರೂ ತೊಡೆಗಾತ್ರ ಮೀರುವುದಿಲ್ಲ. ಹದಿನಾರು ಇಂಚು ಸಾಕು. ಭಾರ ಕಡಿಮೆ ಇದ್ದರೆ ಮಧ್ಯಾಹ್ನದ ಮೇಲೂ ನಿನ್ನ ತೋಳು ನಿನ್ನ ಮಾತು ಕೇಳುತ್ತದೆ. ಬ್ಯಾಟರಿಯದು ಬೇಡ, ಹೊಲದಲ್ಲಿ ಎಲ್ಲಿ ಚಾರ್ಜ್ ಮಾಡುತ್ತೀ? ಪೆಟ್ರೋಲಿನದೇ ಇರಲಿ, ಅದರ ಬಿಡಿಭಾಗ ನಮ್ಮ ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದವರು ಆರು ತಿಂಗಳಿಗೆ ಇಲ್ಲಿಗೆ ಹೊತ್ತುಕೊಂಡು ಬರುತ್ತಾರೆ, ಅದಕ್ಕೆ ಒಂದು ಸ್ಪ್ರಿಂಗ್ ಹುಡುಕಿಕೊಡಲೂ ನಮ್ಮಿಂದ ಆಗುವುದಿಲ್ಲ.

ಮುಂದಿನ ಹಿಡಿಕೆಯ ಎದುರು ಒಂದು ತಡೆ ಇರುತ್ತದೆ, ಕೈ ತಾಗಿದರೆ ಚೈನು ತಟ್ಟನೆ ನಿಲ್ಲುತ್ತದೆ. ಅದೇ ಬ್ರೇಕು. ಅಡ್ಡ ಬರುತ್ತದೆಂದು ಬಿಚ್ಚಿಸಿಕೊಂಡು ಹೋಗುವ ಜಾಣರಿದ್ದಾರೆ, ನೀನು ಹಾಗೆ ಮಾಡಬೇಡ. ಪೆಟ್ರೋಲ್ ಲೀಟರಿಗೆ ನಲವತ್ತು ಎಂಎಲ್ ಟೂಟಿ ಆಯಿಲ್, ಅಳೆದು ಹಾಕು. ಚೈನಿಗೆ ಬೇರೆಯೇ ಆಯಿಲ್ ಟ್ಯಾಂಕ್ ಇದೆ. ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಅದಕ್ಕೆ ಸುರಿದರೆ ಬಾರಿನ ತೂತು ಕಟ್ಟಿಹೋಗುತ್ತದೆ.

ಸಾಹುಕಾರರಿಗೆ ಹೇಳಿದ್ದೇನೆ. ಮುಂದಿನ ವಾರ ಮಷೀನು ಬಸ್ಸಿಗೆ ಹಾಕಿಸುತ್ತೇನೆ. ಪೆಟ್ಟಿಗೆಯಲ್ಲಿ ಎರಡೂ ಕಿವಿ ಮುಚ್ಚುವ ಹೆಡ್‌ಫೋನಿನಂಥದ್ದು ಒಂದು ಇಟ್ಟಿರುತ್ತೇನೆ. ಅದನ್ನು ಹಾಕಿಕೊಳ್ಳದೆ ಮಷೀನಿನ ದಾರ ಎಳೆದು ಚಾಲೂ ಮಾಡಬೇಡ.

ಅಂಬರೇಶ


ದೇವದುರ್ಗ
26 ಮೇ 2025

ಅಣ್ಣಾ,

ಮಷೀನು ಬಂತು. ಮೊದಲ ದಿನವೇ ಮರ್ಯಾದೆ ಹೋಯಿತು. ಇಂಜಿನ್ ಗುರ್ರೆನ್ನುತ್ತದೆ, ಚೈನು ಗರಗರ ತಿರುಗುತ್ತದೆ, ಜಾಲಿಗೆ ಮಾತ್ರ ಏನೂ ಆಗುವುದಿಲ್ಲ. ಒಂದು ತಾಸು ಒತ್ತಿ ಹಿಡಿದೆ. ತೊಗಟೆ ಸುಟ್ಟು ಹೊಗೆ ಬಂತು, ಬೊಡ್ಡೆ ಪಾಲಿಶ್ ಹಾಕಿದ ಹಾಗೆ ಮಿಂಚತೊಡಗಿತು. ಬದುವಿನ ಮೇಲೆ ಕೂತು ನೋಡುತ್ತಿದ್ದವರು, "ಯವ್ವಾ, ಮಂಚಾ ಮಾಡಾಕತ್ತೀಯೇನು?" ಎಂದು ಕೇಳಿದರು. ಕೊನೆಗೆ ಗೋಪಮ್ಮ ಬಗ್ಗಿ ನೋಡಿ, "ಹಲ್ಲು ಹಿಂದಕ ಮಾರಿ ಮಾಡ್ಯಾವಲ್ಲ ಬೇ" ಅಂದಳು. ಚೈನು ತಿರುವಿ ಹಾಕಿದ್ದೆ. ಬಿಚ್ಚಿ ಸರಿಮಾಡಿ ಮತ್ತೆ ಎಳೆದೆ. ಆಮೇಲೆ ಬದುವಿನ ಮೇಲೆ ಯಾರೂ ಕೂರಲಿಲ್ಲ.

ಈಗ ದಿನಕ್ಕೆ ಹತ್ತು ಹನ್ನೆರಡು ಗಿಡ ಬೀಳುತ್ತವೆ. ಗೋಪಮ್ಮ ಮುಳ್ಳು ಸವರುತ್ತಾಳೆ, ನಾನು ತುಂಡು ಮಾಡುತ್ತೇನೆ. ರಾತ್ರಿ ಮಲಗಿದರೂ ಅಂಗೈ ನಡುಗುತ್ತಿರುತ್ತದೆ, ಕಣ್ಣು ಮುಚ್ಚಿದರೆ ನಾಳೆ ಯಾವ ಗಿಡ ಮೊದಲು ಎಂದೇ ಯೋಚನೆ. ಕುಂತಲ್ಲಿ ಕೂರಲಾಗುತ್ತಿಲ್ಲ, ಆದರೆ ನನಗಿದು ಸೇರಿದೆ.

ನಿನ್ನ ಹೆಡ್‌ಫೋನು ಗೂಟಕ್ಕೆ ತೂಗುಹಾಕಿದ್ದೇನೆ. ಅದರಲ್ಲಿ ಹಾಡು ಬಂದಿದ್ದರೆ ಹಾಕಿಕೊಳ್ಳುತ್ತಿದ್ದೆ. ತಮಾಷೆ ಬಿಡು, ಗಿಡ ಬೀಳುವಾಗ ಗೋಪಮ್ಮ "ಬಂತು, ಬಂತು" ಎಂದು ಕೂಗಬೇಕು, ನಾನು ಸರಿಯಬೇಕು. ಕಿವಿ ಮುಚ್ಚಿಕೊಂಡು ಆ ಕೂಗು ಹೇಗೆ ಕೇಳಲಿ?

ಇನ್ನೊಂದು. ಗುಲ್ಫಶಾ ಮೇಡಂ ಮೂರು ಸಲ ಹಿಂದೆ ನಿಂತು ನಿನ್ನನ್ನು ಕರೆದರಂತೆ. ನೀನು ತಿರುಗಿ ಸಹ ನೋಡಲಿಲ್ಲವಂತೆ. "ನಿಮ್ಮ ಅಣ್ಣಂಗ ಭಾಳ ದಿಮಾಕ್ ಅದ ರೀ" ಅಂದರು. ನನಗೆ ನಾಚಿಕೆಯಾಯಿತು. ನನ್ನ ಜೊತೆ ಮಾತು ಬಿಟ್ಟಿದ್ದೀ, ಸರಿ. ನಮ್ಮ ಚೀಲ ಹೊತ್ತು ತರುವವರ ಜೊತೆಯಾದರೂ ನೆಟ್ಟಗಿರು.

ಹುಲಗೆಮ್ಮ


ರಾಯಚೂರು
30 ಮೇ 2025

ಹುಲಗೀ,

ಹಲ್ಲಿನ ಚೂಪು ಬಾರಿನ ಮೇಲ್ಭಾಗದಲ್ಲಿ ಮುಂದಕ್ಕೆ ನೋಡಬೇಕು. ಕಾಗದದಲ್ಲಿ ಬರೆಯಲು ಮರೆತದ್ದು ನಾನೇ. ಹೊಸಬರೆಲ್ಲ ಇದೇ ತಪ್ಪು ಮಾಡುತ್ತಾರೆ ಎಂದು ಸಮಾಧಾನ ಮಾಡಿಕೊ.

ದಿನಾ ಬೆಳಿಗ್ಗೆ ಚೈನನ್ನು ಬಾರಿನ ನಡುವೆ ಹಿಡಿದು ಮೇಲಕ್ಕೆತ್ತಿ ನೋಡು. ಸ್ವಲ್ಪ ಎದ್ದು ಬಿಟ್ಟ ಕೂಡಲೇ ಕೂತುಕೊಂಡರೆ ಬಿಗಿ ಸರಿಯಿದೆ. ಜೋತಾಡಿದರೆ ಹಾರಿಬರುತ್ತದೆ, ತೀರಾ ಬಿಗಿಯಾದರೆ ಬಾರು ಸವೆಯುತ್ತದೆ. ಕೆಲಸ ಮುಗಿದ ಮೇಲೆ ಸಡಿಲ ಮಾಡು, ಬಿಸಿಯಲ್ಲಿ ಹಿಗ್ಗಿದ ಚೈನು ಆರಿದಾಗ ಕುಗ್ಗುತ್ತದೆ. ಗಾಳಿ ಫಿಲ್ಟರನ್ನು ದಿನಾ ಬಿಚ್ಚಿ ಕೊಡವಬೇಕು. ಎರಡು ಟ್ಯಾಂಕ್ ಪೆಟ್ರೋಲ್ ಖಾಲಿಯಾದಾಗೊಮ್ಮೆ ದುಂಡನೆಯ ಅರದಿಂದ ಹಲ್ಲು ಉಜ್ಜು. ಒಳಗಿನಿಂದ ಹೊರಗೆ, ಒಂದೇ ದಿಕ್ಕಿಗೆ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ. ಮಷೀನಿನಿಂದ ಹೊಟ್ಟು ದಪ್ಪಗೆ ಸಿಡಿಯುತ್ತಿದ್ದರೆ ಹಲ್ಲು ಚೆನ್ನಾಗಿದೆ. ಹಿಟ್ಟಿನಂತೆ ಉದುರಿದರೆ ಮೊಂಡಾಗಿದೆ. ನೆಲಕ್ಕೆ ತಾಗಿಸಿ ಕೊಯ್ಯಬೇಡ, ಮಣ್ಣು ಮುಟ್ಟಿದರೆ ಒಂದೇ ಗಳಿಗೆಯಲ್ಲಿ ಹಲ್ಲು ಸಾಯುತ್ತದೆ.

ಗೋಪಮ್ಮನ ಕೂಗಿನ ಮಾತು. ಇಂಜಿನ್ ಓಡುವಾಗ ಹೆಡ್‌ಫೋನು ಇಲ್ಲದಿದ್ದರೂ ಕೂಗು ಕೇಳುವುದಿಲ್ಲ, ಕೇಳಿತು ಎಂದು ನಿನಗೆ ಅನ್ನಿಸುತ್ತದೆ ಅಷ್ಟೇ. ತೋಪಿನಲ್ಲಿ ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದೆ. ಜೊತೆಯವನು ದೂರ ನಿಂತು ಅದರ ತುದಿ ಹಿಡಿದಿರುತ್ತಿದ್ದ. ಒಂದು ಸಲ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ಓಡು. ನೀವೂ ಹಾಗೆ ಮಾಡಿ. ಹಗ್ಗ ಕೊಂಬೆಗೆ ತೊಡರದಂತೆ ಮೊದಲು ಕಾಲುದಾರಿ ಸವರಿಕೊಳ್ಳಿ, ತೊಡರಿದರೆ ನೀನೇ ಒಂದು ಕೈಯಲ್ಲಿ ಬಿಚ್ಚಬಹುದಾದ ಗಂಟು ಹಾಕಿ.

ಮೇಡಂಗೆ ಹೇಳು, ಅಂಗಡಿಯಲ್ಲಿ ಕಂಪ್ರೆಸರ್ ಓಡುತ್ತಿರುತ್ತದೆ. ಕೆಲಸದಲ್ಲಿ ತಲೆ ಬಗ್ಗಿಸಿದರೆ ನನಗೆ ಲೋಕದ ಪರಿವೆ ಇರುವುದಿಲ್ಲ. ಈಗೀಗ ಇಂಜಿನ್ ಮೇಲೆ ಅಂಗೈ ಇಟ್ಟೇ ಅದರ ರೋಗ ಹೇಳುತ್ತೇನೆ. ಸಾಹುಕಾರರು ಗಿರಾಕಿಗಳ ಮುಂದೆ ಅದನ್ನೇ ಹೊಗಳುತ್ತಾರೆ.

ಹೆಡ್‌ಫೋನು ಗೂಟದಿಂದ ಇಳಿಸು.

ಅಂಬರೇಶ


ದೇವದುರ್ಗ
10 ಜೂನ್ 2025

ಅಣ್ಣಾ,

ಚೈನು ಕಳಿಸಿದ್ದೇನೆ, ನಾಲ್ಕೈದು ಹಲ್ಲು ಮುರಿದಿವೆ. ಹೊಲದ ಮೂಲೆಯಲ್ಲಿ ಒಂದು ಒಣಗಿದ ಬೇವಿನ ಮರ. ಅದನ್ನೂ ತೆಗೆಯಿರಿ ಎಂದು ಮಹಾಂತಮ್ಮನವರು ಹೇಳಿದ್ದರು. ಬಾರು ಒಂದು ಗೇಣು ಒಳಗೆ ಹೋಗಿತ್ತು, ಕಿಡಿ ಹಾರಿತು, ಮಷೀನು ಮೂತಿ ಎತ್ತಿ ನನ್ನ ಮೇಲೇ ಬಂತು. ಬ್ರೇಕು ಹಿಡಿಯಿತು, ನನಗೇನೂ ಆಗಲಿಲ್ಲ. ತೊಗಟೆ ಬಿಡಿಸಿ ನೋಡಿದರೆ ಒಳಗೆಲ್ಲ ಮೊಳೆ. ಮೊದಲು ಗಾಳಿ ಹಿಡಿದವರನ್ನು ಅಲ್ಲಿಗೆ ಕರೆತಂದು ಮರಕ್ಕೆ ಮೊಳೆ ಬಡಿಯುತ್ತಿದ್ದರಂತೆ, ದೆವ್ವ ಅಲ್ಲೇ ನಿಲ್ಲಲಿ ಎಂದು. ಗೋಪಮ್ಮನಿಗೆ ಅದು ನೆನಪಾಗಿ, "ಮೊಳಿ ಅದಾವ, ನಿಂದ್ರು ನಿಂದ್ರು" ಎಂದು ಗಂಟಲು ಹರಿಯುವಂತೆ ಕೂಗಿದಳಂತೆ. ನನಗೆ ಒಂದಕ್ಷರವೂ ಕೇಳಲಿಲ್ಲ.

ಈಗ ನೀನು ಚೈನಿನ ಬಗ್ಗೆ ಎರಡು ಪುಟ ಬರೆಯುತ್ತೀ. ತಂಗಿ ಹೇಗಿದ್ದಾಳೆ ಎಂದು ಒಂದು ಸಾಲು ಬರೆಯುವುದಿಲ್ಲ. ಎತ್ತುವುದಿಲ್ಲ ಎಂದಿದ್ದೆ, ಎತ್ತುತ್ತೇನೆ. ಒಳಗಿಟ್ಟುಕೊಂಡು ಸಾಕಾಗಿದೆ.

ಅವ್ವ ಹೋದ ದಿನ ಬೆಳಿಗ್ಗೆ ನಾನೇ ನಿನಗೆ ಫೋನ್ ಮಾಡಿದ್ದು. "ಅಣ್ಣಾ, ಅವ್ವಗ ಭಾಳ ಆಗ್ಯದ, ಉಳಿಯಾಂಗ ಕಾಣಂಗಿಲ್ಲ, ಈಗಿಂದೀಗ ಬಾ" ಅಂದೆ. ನೀನು "ಹೂಂ, ಆಯ್ತು, ಆಯ್ತು" ಎಂದೆ. ರಾಯಚೂರಿನಿಂದ ಇಲ್ಲಿಗೆ ಎರಡು ತಾಸಿನ ದಾರಿ. ಆಮೇಲೆ ಮಾಡಿದರೆ ನೀನು ಎತ್ತಲೇ ಇಲ್ಲ, ಬಂದದ್ದು ಮೂರನೇ ದಿನ. ಅವ್ವನ ಮಣ್ಣಿಗೆ ನೀನಿರಲಿಲ್ಲ. ಕೇಳಿದ್ದಕ್ಕೆ "ಕೆಲಸ ಇತ್ತು" ಅಂದೆ. ಹೆತ್ತವಳಿಗಿಂತ ದೊಡ್ಡ ಕೆಲಸ ಅದು ಯಾವುದು? ಜಂಬಣ್ಣ ಸಾಹುಕಾರರ ಯಾವ ಇಂಜಿನ್ ಅಂದು ಸಾಯಲು ಬಿದ್ದಿತ್ತು? ಇದಕ್ಕೆ ಉತ್ತರ ಬರೆ. ಹಲ್ಲಿನ ವಿಷಯ ಆಮೇಲೆ.

ಹುಲಗೆಮ್ಮ


ರಾಯಚೂರು
13 ಜೂನ್ 2025

ಹುಲಗೀ,

ಐದು ಹಲ್ಲು ಹೋಗಿವೆ. ಆ ಚೈನು ಬಿಟ್ಟು ಹೊಸದು ಕಳಿಸಿದ್ದೇನೆ. ಹಳೆ ಸ್ಪೀಕರಿನ ಆಯಸ್ಕಾಂತ ಒಂದು ಚೀಲದಲ್ಲಿದೆ. ಹಳೇ ಮರವನ್ನಾಗಲಿ ಬೇಲಿಯ ಗಿಡವನ್ನಾಗಲಿ ಮುಟ್ಟುವ ಮೊದಲು ಅದನ್ನು ತೊಗಟೆಯ ಮೇಲೆ ಆಡಿಸು, ಮೊಳೆ ಮೇಲ್ಮೇಲೆ ಇದ್ದರೆ ಎಳೆಯುತ್ತದೆ. ತೀರಾ ಆಳದ್ದು ಗೊತ್ತಾಗುವುದಿಲ್ಲ, ಹಾಗಾಗಿ ಆ ಬೇವನ್ನು ಕೊಡಲಿಗೇ ಬಿಡು. ಬಾರಿನ ಮೂತಿಯಿಂದ ಎಂದೂ ಕೊಯ್ಯಬೇಡ.

ಗೋಪಮ್ಮ ಕೂಗಿದ್ದು ಕೇಳಲಿಲ್ಲ ಎಂದು ನೀನೇ ಬರೆದಿದ್ದೀ. ಹಗ್ಗ ಕಟ್ಟಿಕೊ, ಹೆಡ್‌ಫೋನು ಹಾಕಿಕೊ.

ಉಳಿದದ್ದು ಅವ್ವನ ದಿನದ ಮಾತು. ನೀನು ಅಂದದ್ದರಲ್ಲಿ ಸುಳ್ಳಿಲ್ಲ.

ಅಂಬರೇಶ


ದೇವದುರ್ಗ
24 ಜೂನ್ 2025

ಅಂಬರೇಶಣ್ಣನಿಗೆ,

ಚೈನು ಬಂತು. ಆಯಸ್ಕಾಂತ ಬಂತು. ಉತ್ತರ ಬರಲಿಲ್ಲ. ಇನ್ನು ಕೇಳುವುದಿಲ್ಲ.

ಮೂರು ಎಕರೆ ಮುಗಿದಿದೆ. ಹಗ್ಗ ಕಟ್ಟಿಲ್ಲ, ಕಟ್ಟಿಕೊಂಡು ಕುಣಿಯಲು ನಾನೇನು ಕರಡಿಯಲ್ಲ. ಹೆಡ್‌ಫೋನು ಗೂಟದಲ್ಲೇ ಇದೆ.

ನಮ್ಮ ಮನೆಯವರು ಈಗ ನನ್ನನ್ನು ಗೇಲಿ ಮಾಡುತ್ತಾರೆ. ಕುಕ್ಕರ್ ಇಟ್ಟು ಎದುರಿಗೇ ಕೂತಿರುತ್ತೇನೆ, ಎಷ್ಟು ಸೀಟಿ ಆಯಿತು ಎಂದರೆ ಗೊತ್ತಿರುವುದಿಲ್ಲ. ಮೂರು ದಿನ ಬೇಳೆ ತಳ ಹಿಡಿಯಿತು. "ಮಷಿನ್ ಹಿಡದು ಅಡಗಿ ಮರ್ತೀ" ಎನ್ನುತ್ತಾರೆ. ಮನಸ್ಸು ಹೊಲದಲ್ಲಿದ್ದರೆ ಸೀಟಿ ಎಲ್ಲಿ ಕೇಳಬೇಕು.

ಗಾಳಿ ಫಿಲ್ಟರ್ ಇನ್ನೊಂದು ಬೇಕು. ಅಷ್ಟೇ.

ಹುಲಗೆಮ್ಮ


ರಾಯಚೂರು
25 ಜೂನ್ 2025

ಹುಲಗೀ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಕುಕ್ಕರಿನ ಮಾತು ಓದಿ ಊಟ ಸೇರಲಿಲ್ಲ. ಮಷೀನು ಮುಟ್ಟಬೇಡ. ಈ ಕಾಗದ ಓದಿ ಮುಗಿಸುವವರೆಗಾದರೂ ಮುಟ್ಟಬೇಡ.

ನನಗೂ ಮೊದಲು ಹೋದದ್ದು ಸಣ್ಣ ಸಣ್ಣ ಸದ್ದುಗಳೇ. ತೋಪಿನಲ್ಲಿ ಆರನೇ ವರ್ಷ ನಡೆಯುತ್ತಿತ್ತು. ಈ ಕಡೆ ಹಕ್ಕಿಗಳು ಕಡಿಮೆಯಾಗಿವೆ ಎಂದುಕೊಂಡೆ. ಮರ ಕಡಿದರೆ ಹಕ್ಕಿ ಎಲ್ಲಿರುತ್ತವೆ ಎಂದು ಜೊತೆಯವರೊಡನೆ ಹೇಳಿಯೂ ಹೇಳಿದೆ. ಆಮೇಲೆ ಹೆಂಗಸರು ಮಾತಾಡಿದರೆ ಗೊಣಗಿದಂತಾಗತೊಡಗಿತು. ದಿನವಿಡೀ ಕಿವಿಯೊಳಗೆ ಗುಂಯ್ ಎನ್ನುವ ಒಂದು ಸದ್ದು. ಮಲಗಿದರೂ ಅದು ಮಲಗುತ್ತಿರಲಿಲ್ಲ. ಆಗ ನಮಗೆ ಯಾರೂ ಹೆಡ್‌ಫೋನು ಕೊಡಲಿಲ್ಲ. ಒಬ್ಬ ಹತ್ತಿ ತುರುಕಿಕೊಳ್ಳುತ್ತಿದ್ದ, ಅವನನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಕೂಗು ಕೇಳದೆ ಒಂದು ಮರ ನನ್ನ ಪಕ್ಕದಲ್ಲೇ ಬಿದ್ದ ಮೇಲೆ ಹಗ್ಗ ಕಟ್ಟಿಕೊಂಡೆ. ಜಾಣತನಕ್ಕೆ ಕಟ್ಟಿಕೊಂಡದ್ದಲ್ಲ.

ನನಗೆ ಕಿವಿ ಕೇಳುವುದಿಲ್ಲ, ಹುಲಗೀ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಯಾರಾದರೂ ಬಾಯಿ ಹಚ್ಚಿ ಕೂಗಿದರೆ ಮಾತು ಇದೆ ಎಂದು ತಿಳಿಯುತ್ತದೆ, ಏನು ಮಾತು ಎಂದು ತಿಳಿಯುವುದಿಲ್ಲ. ಎದುರಿಗಿದ್ದರೆ ತುಟಿ ನೋಡಿ ಅಂದಾಜು ಮಾಡುತ್ತೇನೆ. ಇಲ್ಲಿಯ ಕಿವಿ ಡಾಕ್ಟರು ನೋಡಿ, ನರ ಸತ್ತಿದೆ, ಕಿವಿಗೆ ಮಷೀನು ಹಾಕಿಕೊಂಡರೆ ಅಷ್ಟಿಷ್ಟು ಕೇಳಬಹುದು ಎಂದು ಬರೆದುಕೊಟ್ಟರು. ಹಾಕಿಕೊಂಡರೆ ಎಲ್ಲರಿಗೂ ಕಾಣುತ್ತದೆ ಎಂದು ಸುಮ್ಮನಾದೆ. ಇಂಜಿನಿನ ಟ್ಯೂನಿಂಗ್ ಎಂದರೆ ಕಿವಿಯ ಕೆಲಸ. ಕಿವುಡ ಮೆಕ್ಯಾನಿಕನ ಕೈಗೆ ಯಾರು ಮಷೀನು ಕೊಡುತ್ತಾರೆ? ಅಂಗೈಯ ಹೊಗಳಿಕೆ ಹುಟ್ಟಿದ್ದು ಹಾಗೆ.

ಅವ್ವ ಹೋದ ದಿನದ ಮಾತು. ಫೋನ್ ನಡುಗಿತು, ನಿನ್ನ ಹೆಸರು ಬಂತು. ಸಾಹುಕಾರರು ಎದುರಿಗೇ ಕೂತಿದ್ದರು, ಎತ್ತದಿದ್ದರೆ ಯಾಕೆ ಎಂದು ಕೇಳುತ್ತಾರೆ. ಎತ್ತಿ "ಹೂಂ, ಆಯ್ತು, ಆಯ್ತು" ಅಂದೆ. ಯಾರ ಫೋನ್ ಬಂದರೂ ಅದನ್ನೇ ಅನ್ನುತ್ತಿದ್ದೆ. ನೀನು ಜೋಕುಮಾರನ ಹುಣ್ಣಿಮೆಗೆ ಕರೆಯುತ್ತಿದ್ದೀ ಎಂದು ಅಂದಾಜು ಮಾಡಿದೆ. ಎರಡು ದಿನ ಬಿಟ್ಟು ನಮ್ಮೂರಿನವರೊಬ್ಬರು ಅಂಗಡಿಗೆ ಬಂದು ನನ್ನ ಕೈ ಹಿಡಿದುಕೊಂಡರು. ಅವರ ತುಟಿಯ ಮೇಲೆ "ಅವ್ವ" ಎಂದು ಓದಿದೆ. ಅಂದು ನಿನ್ನ ಮುಂದೆ ನಿಂತಾಗ, ಕಿವಿ ಕೇಳಲಿಲ್ಲ ಎನ್ನುವುದಕ್ಕಿಂತ ಕೆಲಸ ಇತ್ತು ಎನ್ನುವುದೇ ಸುಲಭ ಅನ್ನಿಸಿತು. ಯಾಕೆ ಹಾಗನ್ನಿಸಿತೋ ಈಗಲೂ ತಿಳಿಯದು. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಚೈನಿನ ಬಗ್ಗೆ ಎಲ್ಲ ಬರೆದೆ, ಕಿವಿಯ ಬಗ್ಗೆ ಬರೆಯಲಿಲ್ಲ. ಬರೆದರೆ ಹೇಗೆ ಗೊತ್ತು ಎಂದು ಕೇಳುತ್ತೀ ಎಂದು ಹೆದರಿದೆ. ಈಗ ನಿನ್ನದೂ ಹೋಗುತ್ತಿದೆ, ಅದು ನನ್ನ ತಪ್ಪು. ಡಾಕ್ಟರಿಗೆ ತೋರಿಸು. ಯಾರಿಗೂ ಹೇಳಬೇಡ, ಮುಖ್ಯವಾಗಿ ಸಾಹುಕಾರರ ಕಿವಿಗೆ ಇದು ಬೀಳಬಾರದು.

ಅಂಬರೇಶ


ದೇವದುರ್ಗ
5 ಜುಲೈ 2025

ಅಣ್ಣಾ,

ಹತ್ತು ದಿನ ಕಾಗದ ಬರೆಯಲಿಲ್ಲ. ನಿನ್ನ ಕಾಗದ ನಾಲ್ಕು ಸಲ ಓದಿದೆ, ಎರಡು ಸಲ ಹರಿಯಲು ಹೋದೆ. ಗೋಪಮ್ಮ ಕಸಿದುಕೊಂಡು ತನ್ನ ಸೆರಗಿಗೆ ಕಟ್ಟಿಕೊಂಡಳು.

ಅಂದು ನಡೆದದ್ದರಲ್ಲಿ ನಿನಗೆ ಗೊತ್ತಿಲ್ಲದ್ದೊಂದಿದೆ. ನಿನಗೆ ಗೊತ್ತಾಗಬಾರದು ಎಂದೇ ನಾನು ಹೇಳಿರಲಿಲ್ಲ, ಸಿಟ್ಟಿಗೆ. ಫೋನ್ ಇಟ್ಟವಳೇ ಅವ್ವನ ಹತ್ತಿರ ಹೋಗಿ, "ಯವ್ವಾ, ಅಣ್ಣ ಬಸ್ ಹತ್ಯಾನ" ಅಂದೆ. ಕಣ್ಣು ತೆರೆಯದೆ ಬಿದ್ದಿದ್ದವಳು ಕಣ್ಣು ತೆರೆದಳು. "ಹಂಗಾದ್ರ ನಾಕು ರೊಟ್ಟಿ ಬಡಿ ಬೇ, ಹಸಗೊಂಡು ಬರ್ತಾನ" ಅಂದಳು. ಬಡಿದೆ. ನಾನು ಬಡಿಯುವ ಸಪ್ಪಳ ಕೇಳುತ್ತಾ ಮಲಗಿದ್ದಳು. ಮಧ್ಯಾಹ್ನ ನೋಡಿದಾಗ ಹೋಗಿಬಿಟ್ಟಿದ್ದಳು. ಮುಖ ಶಾಂತವಾಗಿತ್ತು. ಆ ರೊಟ್ಟಿ ಎರಡು ದಿನ ಬುಟ್ಟಿಯಲ್ಲಿಟ್ಟು ಆಮೇಲೆ ಎಮ್ಮೆಗೆ ಹಾಕಿದೆ.

ನಿನಗೆ ಏನೂ ಕೇಳಿಸಿರಲಿಲ್ಲ ಎಂದು ಅಂದೇ ಗೊತ್ತಾಗಿದ್ದರೆ ಅವ್ವನಿಗೆ ಏನು ಹೇಳುತ್ತಿದ್ದೆನೋ ತಿಳಿಯದು. ನಿನ್ನ ಸುಳ್ಳಿನಿಂದ ಅವಳು ಸಮಾಧಾನದಿಂದ ಹೋದಳು. ನಾನು ಮೂರು ವರ್ಷ ಉರಿದೆ. ಇದಕ್ಕೆ ನಿನ್ನನ್ನು ಬಯ್ಯಬೇಕೋ ಬಿಡಬೇಕೋ ಎಂದು ಹತ್ತು ದಿನ ಯೋಚಿಸಿದೆ. ಬಯ್ಯುವುದೇ ಸರಿ. ಬಂದು, ಎದುರು ನಿಂತು, ಹೊಟ್ಟೆ ತುಂಬ ಬಯ್ಯುತ್ತೇನೆ.

ನಾನೂ ಮುಚ್ಚಿಟ್ಟಿದ್ದೇನೆ. ಬೇವಿನ ಮರದ ದಿನ ಮೊಣಕಾಲ ಕೆಳಗೆ ನಾಲ್ಕು ಹೊಲಿಗೆ ಬಿದ್ದಿವೆ. ಕಿವಿಯಲ್ಲಿ ಆ ಗುಂಯ್ ಎನ್ನುವುದು ಜೂನ್ ಮೊದಲ ವಾರದಿಂದಲೇ ಇದೆ. ಬರೆದರೆ ಮಷೀನು ವಾಪಸ್ ಕೇಳುತ್ತೀ ಎಂದು ಬರೆಯಲಿಲ್ಲ. ಇಲ್ಲಿಯ ಡಾಕ್ಟರಿಗೆ ತೋರಿಸಿದೆ. ಸದ್ದಿನಿಂದ ದೂರ ಇದ್ದರೆ ಇಳಿಯಬಹುದು, ಹೀಗೇ ಮಾಡಿದರೆ ಇಳಿಯುವುದಿಲ್ಲ ಅಂದರು. ಹತ್ತು ದಿನ ಮಷೀನು ಮುಟ್ಟಿಲ್ಲ, ಸ್ವಲ್ಪ ಇಳಿದಿದೆ.

ಈಗ ನನ್ನ ಮಾತು ಗಮನವಿಟ್ಟು ಓದು. ಕಳೆದ ವಾರ ನೀನು ಅಂಗಡಿ ಎದುರಿನ ರಸ್ತೆ ದಾಟುವಾಗ ಲಾರಿಯವನು ಹಾರ್ನ್ ಒತ್ತಿ ಒತ್ತಿ ಕೊನೆಗೆ ಬ್ರೇಕ್ ಹಾಕಿದನಂತೆ. ನೀನು ತಿರುಗಿ ನೋಡದೆ ನಡೆದುಹೋದೆಯಂತೆ. ಗುಲ್ಫಶಾ ಮೇಡಂ ಬಸ್ ಇಳಿದವರೇ ಬಂದು ಹೇಳಿದರು. "ದಿಮಾಕ್ ಅಂದಿದ್ದೆ, ತಪ್ಪಾತು. ಅವರಿಗೆ ಏನೋ ಆಗ್ಯದ ರೀ" ಅಂದರು. ನಾನು ಅವರಿಗೆ ಏನೂ ಹೇಳಲಿಲ್ಲ. ಆದರೆ ಎಷ್ಟು ದಿನ? ಅವ್ವ ಹೋದಾಗ ನಿನಗೆ ಸುದ್ದಿ ಮುಟ್ಟಲಿಲ್ಲ. ನೀನು ಹೋದರೆ ನನಗೆ ಮುಟ್ಟುತ್ತದೆ, ಅದೇ ನನ್ನ ಭಯ.

ಮಷೀನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಅರ್ಧ ಎಕರೆ ಉಳಿದಿದೆ. ಮಹಾಂತಮ್ಮನವರು ದಿನಾ ಹೇಳಿಕಳಿಸುತ್ತಾರೆ, ಈ ತಿಂಗಳ ನಡುವೆ ಕಾಲುವೆಗೆ ನೀರು ಬರುತ್ತದೆ. ಬಂದರೆ ಬರಲಿ. ನೀನು ನಿನ್ನ ಬಾಯಿಂದಲೇ ಸಾಹುಕಾರರಿಗೆ ಹೇಳುವವರೆಗೆ ನಾನು ಅದನ್ನು ಬಿಚ್ಚುವುದಿಲ್ಲ. ಭಾನುವಾರ ಹದಿಮೂರಕ್ಕೆ ರಾಯಚೂರಿಗೆ ಬರುತ್ತೇನೆ, ಇಬ್ಬರೂ ನಿನ್ನ ಕಿವಿಯ ಮಷೀನು ತರಲು ಹೋಗೋಣ. ಅಷ್ಟರೊಳಗೆ ಹೇಳಿರಬೇಕು.

ಹುಲಗೆಮ್ಮ


ರಾಯಚೂರು
10 ಜುಲೈ 2025

ಹುಲಗೀ,

ಹೇಳಿದೆ.

ಮೂರು ದಿನ ಹೇಳಲಾಗಲಿಲ್ಲ. ಸಾಹುಕಾರರ ಮೇಜಿನವರೆಗೆ ಹೋಗುವುದು, ಏನಾದರೂ ಸ್ಕ್ರೂ ಕೇಳಿ ವಾಪಸ್ ಬರುವುದು. ನನ್ನ ಹತ್ತಿರ ಈಗ ಬೇಡದ ಸ್ಕ್ರೂಗಳ ಒಂದು ಡಬ್ಬಿಯೇ ಇದೆ. ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, "ಸಾಹುಕಾರ್ರೇ, ನನಗ ಕಿವಿ ಕೇಳಂಗಿಲ್ರೀ" ಅಂದೆ. ಅವರ ತುಟಿ ಆಡಿತು, ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಆಡಿತು. ಆಮೇಲೆ ಅವರೇ ಬಿಲ್ ಪುಸ್ತಕ ತಿರುವಿ ಹಿಂದೆ ಬರೆದರು: ಎಷ್ಟು ವರ್ಷದಿಂದ? ನಾಲ್ಕು ಬೆರಳು ತೋರಿಸಿದೆ.

ಆಮೇಲೆ ಮೂರು ಮಷೀನು ತಂದಿಟ್ಟರು. ಅಂಗೈ ಇಟ್ಟು ಟ್ಯೂನ್ ಮಾಡು ಎಂದು ಸನ್ನೆ ಮಾಡಿದರು. ಮಾಡಿದೆ. ಎರಡು ಸರಿ ಬಂದವು. ಮೂರನೆಯದಕ್ಕೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಿತ್ತು. ಹಾಗೇ ಕೊಟ್ಟಿದ್ದರೆ ವಾರದೊಳಗೆ ಪಿಸ್ಟನ್ ಹಿಡಿದುಬಿಡುತ್ತಿತ್ತು. ಅವರು ಬರೆದರು: ಚೈನು, ಬಾರು, ಕ್ಲಚ್ ನಿನ್ನದು. ಟ್ಯೂನಿಂಗ್ ನಾನು ಮಾಡ್ತೀನಿ. ಅಂಗಡಿ ಬಿಡಬೇಡ.

ಮಧ್ಯಾಹ್ನ ಹಿಂದಿನ ಗೋಡೌನಿನಲ್ಲಿ ಕೂತು ಅತ್ತೆ. ಆ ಕೆಲಸದಲ್ಲಿ ನನಗೆ ಹೆಮ್ಮೆಯಿತ್ತು. ಇಂಜಿನ್ ಉಸಿರು ಹಿಡಿದು ಒಂದೇ ಸಮನೆ ಓಡತೊಡಗಿದಾಗ ಆಗುತ್ತಿದ್ದ ಖುಷಿ ಇನ್ನಿಲ್ಲ. ಎಷ್ಟು ಜನರ ಮಷೀನು ಹಾಳು ಮಾಡಿ ಕಳಿಸಿದ್ದೇನೋ ಎಂದು ಬೇರೆ ಯೋಚನೆ.

ಸಂಜೆ ಒಳಗೆ ಬಂದರೆ ಸಾಹುಕಾರರು ಬರುವ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದರು. ನನಗೆ ಮೈಯೆಲ್ಲ ಮುದುಡಿದಂತಾಯಿತು. ಆಮೇಲೆ ಅವರ ತುಟಿ ನೋಡಿ ತಿಳಿಯಿತು. ಅವನಿಗೆ ಕೇಳಂಗಿಲ್ಲ, ಕರೀಬ್ಯಾಡ್ರಿ, ಭುಜ ಮುಟ್ರಿ ಎನ್ನುತ್ತಿದ್ದರು. ಬೀಗ ಹಾಕುವವರೆಗೆ ಹನ್ನೊಂದು ಜನ ನನ್ನ ಭುಜ ಮುಟ್ಟಿದರು. ಒಬ್ಬ ಗಿಲ್ಲೆಸುಗೂರಿನ ರೈತ ಮುಟ್ಟಿದ ಕೈ ತೆಗೆಯುವುದನ್ನೇ ಮರೆತು ತನ್ನ ಮಷೀನಿನ ಕಥೆ ಪೂರ್ತಿ ಹೇಳಿದ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು.

ಮಷೀನು ಬಿಚ್ಚು. ಹೆಡ್‌ಫೋನು ಹಾಕಿಕೊಂಡು, ಹಗ್ಗ ಕಟ್ಟಿಕೊಂಡು, ತಾಸಿಗೊಮ್ಮೆ ನಿಲ್ಲಿಸಿ ಅರ್ಧ ಎಕರೆ ಮುಗಿಸು. ಆಗದಿದ್ದರೆ ಬಿಡು, ನಾನು ಬಂದು ಕೊಡಲಿ ಹಿಡಿಯುತ್ತೇನೆ.

ಭಾನುವಾರ ಬಾ. ಬೇರೆಯವರ ಹಾಗೆ ಹಿಂದಿನಿಂದ ಬರಬೇಡ, ಎದುರಿಗೆ ಬಾ. ಬೆಳಕಿನಲ್ಲಿ ನಿಂತು, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ನಿಧಾನವಾಗಿ ಬಯ್ಯಿ. ನನಗೆ ಒಂದು ಮಾತೂ ತಪ್ಪಬಾರದು.

ಅಂಬರೇಶ